40 ಸಾವಿರ ಇದೆ, ಬುಲೆಟ್ಟಿಗೆ ಏನೇನು ಹಾಕಿಸಲಿ?

ಪ್ರಶ್ನೆ: ನನ್ನದು 2017ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಇಲ್ಲಿಯವರೆಗೆ 41,000 ಕಿ.ಮೀ. ಓಡಿದೆ. ಪಾಂಡವಪುರದಿಂದ ಮೈಸೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತೇನೆ. ಮನೆ ಸೇರುವಾಗ ರಾತ್ರಿ 9 ಆಗುತ್ತದೆ. ಮುಂದಿನ ವರ್ಷ ಗೆಳೆಯರ ಜೊತೆ ಮಡಿಕೇರಿ, ಊಟಿ ಕಡೆ ಹೋಗುವ ಆಸೆ. ಅದಕ್ಕೆ ಅಂತ 40 ಸಾವಿರ ಎತ್ತಿಟ್ಟಿದ್ದೇನೆ. ಹೊಸ ಸೈಲೆನ್ಸರ್, ಅಲಾಯ್ ಚಕ್ರ, ಹಿಂದೆ ಅಗಲದ ಟೈರು, ಎರಡು ಎಲ್‌ಇಡಿ ಫಾಗ್ ಲೈಟು, ಮೊಬೈಲ್ ಹೋಲ್ಡರ್, ಸ್ಯಾಡಲ್ ಬ್ಯಾಗು ಹಾಕಿಸಬೇಕು ಅಂತಿದ್ದೇನೆ. ಸೀರೆ ಗಾರ್ಡು ಬಿಚ್ಚಿ ಅಟ್ಟಕ್ಕೆ ಹಾಕಿದ್ದೇನೆ. ಅದನ್ನು ಗುಜರಿಗೆ ಕೊಡಬಹುದಾ? ಯಾವುದು ಮೊದಲು, ಯಾವುದು ಆಮೇಲೆ, ಹೇಳಿ ಸರ್.
– ಓದುಗರೊಬ್ಬರು, ಪಾಂಡವಪುರ

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಅದರಲ್ಲಿ ಬ್ರೇಕು ಇಲ್ಲ, ಚೈನು ಇಲ್ಲ, ಹೆಲ್ಮೆಟ್ ಇಲ್ಲ. ಹೋಗಲಿ, ಈ ಬೈಕು ಇವತ್ತು ಹೇಗಿದೆ ಅನ್ನುವ ಒಂದು ಮಾತೂ ಇಲ್ಲ. 41,000 ಓಡಿದ ಗಾಡಿ ಅಂದರೆ ಅದರ ಹತ್ತಾರು ಭಾಗಗಳು ಸದ್ದಿಲ್ಲದೆ ತೇದಿರುತ್ತವೆ. ದಿನಾ ಓಡಿಸುವವರಿಗೆ ಅದು ಗೊತ್ತಾಗುವುದೇ ಇಲ್ಲ, ಕೈ ಅದಕ್ಕೆ ಒಗ್ಗಿಹೋಗಿರುತ್ತದೆ. ನನ್ನ ಮಾತು ಇಷ್ಟೇ. ಈ ದುಡ್ಡಿನಲ್ಲಿ ಮೊದಲು ಬೈಕನ್ನು ಶೋರೂಮಿನಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿ. ಹೊಸದು ಹಾಕಿಸುವ ಮಾತು ಆಮೇಲೆ.

ನಾನು ಮೆಕ್ಯಾನಿಕ್ ಕೆಲಸ ಕಲಿತದ್ದು ಜಾವಾ, ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ದುಡಿದ ಮೇಸ್ತ್ರಿಯೊಬ್ಬರ ಕೈಕೆಳಗೆ. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಮಾಡುತ್ತಾರಲ್ಲ, ಅವತ್ತು ಒಮ್ಮೆ ಹೋಗಿ ನೋಡಿ. ಜನ ಗುಂಪುಗಟ್ಟುವುದು ಸಾಮಾನು ಜಾಸ್ತಿ ಹಾಕಿಸಿದ ಗಾಡಿಯ ಸುತ್ತ ಅಲ್ಲ. ಮೊದಲು ಹೇಗಿತ್ತೋ ಹಾಗೇ ಇಟ್ಟುಕೊಂಡ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುವ ಗಾಡಿಯ ಸುತ್ತ.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಹಿಂದಿನ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲಿನ ಚಕ್ರ) ಮೇಲಿರುವ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆಯಿರಿ. ಹಲ್ಲಿನಿಂದ ಎದ್ದು ಬಂದು ಅರ್ಧ ಹಲ್ಲು ಕಂಡರೆ ಚೈನು ಮುಗಿದಿದೆ ಅಂತ ಲೆಕ್ಕ. ಹಲ್ಲು ಕುಡುಗೋಲಿನ ಹಾಗೆ ಒಂದು ಕಡೆ ಬಾಗಿದ್ದರೆ ಸ್ಪ್ರಾಕೆಟ್ಟೂ ಮುಗಿದಿದೆ. ಎರಡನ್ನೂ ಸೆಟ್ಟಾಗಿಯೇ ಬದಲಿಸಬೇಕು. ಹಳೇ ಸ್ಪ್ರಾಕೆಟ್ಟಿಗೆ ಹೊಸ ಚೈನು ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಆಮೇಲೆ ಯಾರಾದರೂ ಹಿಂದಿನಿಂದ ಗಾಡಿಯನ್ನು ಅದುಮಿ ಮುಂದಿನ ಚಕ್ರ ಎತ್ತಲಿ. ನೀವು ಹ್ಯಾಂಡಲನ್ನು ಒಂದು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಸರಿಯಾಗಿ ನಡುವಿಗೆ ಬಂದಾಗ ಟಕ್ ಅಂತ ನಿಂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ನೇರ ರಸ್ತೆಯಲ್ಲಿ ಗಾಡಿ ಆ ಕಡೆ ಈ ಕಡೆ ಎಳೆಯುತ್ತದೆ ಅಂತ ಬರುವ ಎಷ್ಟೋ ಗಾಡಿಗಳ ರೋಗ ಇದೇ. ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗೋ, ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ಷೋ ತೇದಿದೆ. ಮುಂದಿನ ಫೋರ್ಕಿನ ಆಯಿಲ್ ಕೊನೇ ಸಲ ಯಾವಾಗ ಬದಲಿಸಿದಿರಿ? ನೆನಪಿಲ್ಲ ಅಂದರೆ ಬದಲಿಸಿಯೇ ಇಲ್ಲ ಅಂತ ಅರ್ಥ.

ಈಗ ನಿಮ್ಮ ದಾರಿಯ ವಿಷಯ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು ಬಿಡುತ್ತಿಲ್ಲ. ಶ್ರೀರಂಗಪಟ್ಟಣದ ಕಡೆಯಿಂದ ನಿಮಗಿರುವುದು ಸರ್ವಿಸ್ ರೋಡು. ಅಲ್ಲಿ ಹಂಪು, ಅಡ್ಡ ಬರುವ ದನ, ಎದುರು ದಿಕ್ಕಿನಿಂದ ನುಗ್ಗುವ ಆಟೋ, ನಿಂತ ಜಾಗದಿಂದ ತಟಕ್ಕನೆ ಹೊರಡುವ ಬಸ್ಸು. ಇಂಥ ರಸ್ತೆಯಲ್ಲಿ ಬೇಕಾಗಿರುವುದು ನಿಲ್ಲಿಸುವ ಶಕ್ತಿ. ಓಡುವ ಶಕ್ತಿ ನಿಮ್ಮ ಗಾಡಿಗೆ ಬೇಕಾದಷ್ಟಿದೆ.

ಹಾಗಾಗಿ ಮೊದಲ ಖರ್ಚು ಬ್ರೇಕು. ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್, 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ನಿಮ್ಮದರಲ್ಲಿ ಅದಿಲ್ಲ. ಬ್ರೇಕ್ ಹೋಸಿಗೆ ಸಿಕ್ಕಿಸುವ ಬೆರಳುದ್ದದ ತುಂಡೊಂದನ್ನು ಎಬಿಎಸ್ ಅಂತ ಹೇಳಿ ಮಾರುತ್ತಾರೆ. ಅದು ಎಬಿಎಸ್ ಅಲ್ಲ, ಸುಮ್ನೆ ದುಡ್ಡು ದಂಡ. ಎಬಿಎಸ್‌ಗೆ ಚಕ್ರದ ವೇಗ ನೋಡುವ ಸೆನ್ಸರ್ ಬೇಕು, ಆ ಲೆಕ್ಕ ನೋಡಿ ಒತ್ತಡ ಬಿಟ್ಟು ಹಿಡಿಯುವ ಯಂತ್ರ ಬೇಕು. ನಿಮ್ಮ ಗಾಡಿಯಲ್ಲಿ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈ, ನಿಮ್ಮ ಕಾಲು ಮತ್ತು ಟೈರು. ಡಿಸ್ಕ್ ಪ್ಯಾಡು ಹೊಸದು ಹಾಕಿಸಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಒಳಗೆ ಉಜ್ಜುವ ಶೂ ಬಿಚ್ಚಿ ನೋಡಿಸಿ.

ಅದರ ಜೊತೆಗೆ ಯಾರೂ ತಲೆ ಕೆಡಿಸಿಕೊಳ್ಳದ ಒಂದು ಕೆಲಸ ಇದೆ, ಬ್ರೇಕ್ ಆಯಿಲ್ ಬದಲಿಸುವುದು. ಡಿಸ್ಕ್ ಬ್ರೇಕಿಗೆ ಹಾಕುವ ಡಾಟ್ 4 ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತಾ ಹೋಗುತ್ತದೆ. ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಅದು ಕುದಿಯಬಾರದು ಅಂತ ನಿಯಮ. ತೇವ ಹೀರಿದ್ದಕ್ಕೆ ಆ ಮಿತಿ 155. ಘಾಟಿ ಇಳಿಯುವಾಗ ಬ್ರೇಕನ್ನು ಒಂದೇ ಸಮ ಹಿಡಿದರೆ ಡಿಸ್ಕ್ ಕಾಯುತ್ತದೆ, ಆಯಿಲ್ ಕುದಿದು ಒಳಗೆ ಗುಳ್ಳೆ ಏಳುತ್ತದೆ. ಆಗ ಲಿವರ್ ಹಿಡಿದರೆ ಸ್ಪಂಜು ಹಿಡಿದ ಹಾಗಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಈ ಗೋಳು ಇರುವುದಿಲ್ಲ. ಖರ್ಚು ನಾಲ್ಕೈದು ನೂರು. ಇನ್ನೊಂದು ಮಾತು. ಚಾಮುಂಡಿ ಬೆಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿಕೊಂಡು ಬರುವವರನ್ನು ದಿನಾ ನೋಡುತ್ತೇನೆ. ಇಳಿಜಾರಿನಲ್ಲಿ ಗಾಡಿಯನ್ನು ಅರ್ಧ ಹಿಡಿಯುವುದು ಎಂಜಿನ್ನು. ಅದನ್ನು ಬಿಟ್ಟುಕೊಟ್ಟರೆ ಇಡೀ ಭಾರ ಪ್ಯಾಡಿನ ಮೇಲೆ.

ಟೈರಿಗೆ ಬರೋಣ. ನಿಮ್ಮ ಗಾಡಿಯ ಅಳತೆ ಮುಂದೆ 90/90-19, ಹಿಂದೆ 110/90-18. ಮೊದಲ ಅಂಕಿ ಅಗಲ, ಮಿಲಿಮೀಟರ್ ಲೆಕ್ಕ. ಎರಡನೆಯದು ಟೈರಿನ ಎತ್ತರ ಅಗಲದ ಶೇಕಡಾ ಎಷ್ಟು ಅಂತ. ಮೂರನೆಯದು ರಿಮ್ಮಿನ ಇಂಚು. ಹಿಂದೆ 130 ಹಾಕಿಸಿದರೆ ಗಾಡಿ ಗಟ್ಟಿಮುಟ್ಟಾಗಿ ಕಾಣುತ್ತದೆ ನಿಜ. ಆದರೆ ರಿಮ್ಮು ಹಳೆಯದೇ ಅಲ್ವಾ? ಕಿರಿದಾದ ರಿಮ್ಮಿಗೆ ಅಗಲದ ಟೈರು ತುರುಕಿದರೆ ಅದು ಎರಡೂ ಕಡೆಯಿಂದ ಹಿಂಡಿದ ಹಾಗಾಗಿ ನಡು ಉಬ್ಬುತ್ತದೆ. ನೆಲಕ್ಕೆ ತಾಗುವ ಭಾಗ ನೀವು ಅಂದುಕೊಂಡಷ್ಟು ಹೆಚ್ಚುವುದಿಲ್ಲ. ತಿರುವಿನಲ್ಲಿ ಗಾಡಿ ಒರಗಲು ಹಟ ಮಾಡುತ್ತದೆ. ಪಕ್ಕದಲ್ಲಿ ಚೈನಿಗೆ ಉಜ್ಜುವ ಭಯ ಬೇರೆ. ಅದೇ ಅಳತೆಯ ಒಳ್ಳೆಯ ಕಂಪನಿ ಟೈರು ಹಾಕಿಸಿ. ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 3225 ಅಂದರೆ 2025ರ 32ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಮೂರು ವರ್ಷ ಕೂತಿದ್ದ ಟೈರನ್ನು ಹೊಸದು ಅಂತ ತರಬೇಡಿ.

ನಿಮ್ಮದು ಕಡ್ಡಿ ಚಕ್ರ, ಒಳಗೆ ಟ್ಯೂಬು. ಟೈರಿನ ಜೊತೆ ಟ್ಯೂಬು, ರಿಮ್ ಟೇಪು ಎರಡನ್ನೂ ಹೊಸದು ಹಾಕಿಸಿ. ಕಡ್ಡಿಗಳ ಬಿಗಿಯನ್ನೂ ನೋಡಿಸಿ. ಟ್ಯೂಬ್ ಗಾಡಿ ಪಂಕ್ಚರ್ ಆದರೆ ಟ್ಯೂಬ್‌ಲೆಸ್ಸಿನ ಹಾಗೆ ಹೊರಗಿನಿಂದ ದಾರ ತುರುಕಿ ಗಾಳಿ ಹೊಡೆದು ಹೊರಡಲು ಆಗುವುದಿಲ್ಲ, ಚಕ್ರವನ್ನೇ ಬಿಚ್ಚಬೇಕು. ಬಂಡೀಪುರದ ಕಾಡಿನ ನಡುವೆ ಆ ಕೆಲಸ ಮಾಡುವುದನ್ನು ಊಹಿಸಿಕೊಳ್ಳಿ. ಕಡ್ಡಿಯಿಲ್ಲದ ಅಲಾಯ್ ಚಕ್ರಕ್ಕಾದರೆ ಟ್ಯೂಬ್‌ಲೆಸ್ ಟೈರು ಹಾಕಬಹುದು, ಅದನ್ನು ಕೇಳುವುದಕ್ಕೆ ಇದೊಂದೇ ಸರಿಯಾದ ಕಾರಣ. ಆದರೆ ಕಂಪನಿಯ ಅಲಾಯ್ ಹಾಕಿಸಿ ಟೈರನ್ನೂ ಬದಲಿಸಿದರೆ ನಿಮ್ಮ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲಿಗೇ ಹೋಗುತ್ತದೆ. ಅಗ್ಗದ, ಹೆಸರಿಲ್ಲದ ಅಲಾಯ್ ನಮ್ಮ ಗುಂಡಿಗಳಿಗೆ ಬಿದ್ದು ಸೀಳಿದ್ದನ್ನು ಕಂಡಿದ್ದೇನೆ. ಕಡ್ಡಿ ಬಾಗಿದರೆ ರಿಪೇರಿ ಮಾಡಬಹುದು, ಅಲಾಯ್ ಸೀಳಿದರೆ ಬಿಸಾಡಬೇಕು. ಈ ವರ್ಷ ಬೇಡ.

ಈಗ ದೀಪ. ಇದು ನಿಮಗೆ ನಿಜಕ್ಕೂ ಬೇಕು, ಆದರೆ ನೀವು ಅಂದುಕೊಂಡ ರೀತಿಯಲ್ಲಲ್ಲ. ನಾನೇ ಒಮ್ಮೆ ಪೆಟ್ಟು ತಿಂದವನು. ಹತ್ತು ಹನ್ನೆರಡು ವರ್ಷದ ಹಿಂದೆ ಬಿಡುವಿಲ್ಲದ ಹೊತ್ತಿನಲ್ಲಿ ನನ್ನ ಗಾಡಿಗೆ ಒಂದು ಅಂಗಡಿಯಲ್ಲಿ ಎರಡು ದೀಪ ಹಾಕಿಸಿದೆ. ರಿಲೇ (ದೀಪಕ್ಕೆ ಬ್ಯಾಟರಿಯಿಂದ ನೇರ ಕರೆಂಟು ಬಿಡುವ ಸ್ವಿಚ್ಚು) ಏನೂ ಬೇಡ ಬಿಡಿ ಅಂದರು. ಹಾರ್ನಿನ ವೈರಿಗೇ ಜೋಡಿಸಿದರು. ಮೆಕ್ಯಾನಿಕ್ ಆಗಿದ್ದ ನಾನು ನೋಡಿಯೂ ಸುಮ್ಮನಿದ್ದೆ, ಅದು ನನ್ನ ತಪ್ಪು. ಒಂದು ರಾತ್ರಿ ಮೇಲುಕೋಟೆಯಿಂದ ಬರುತ್ತಿದ್ದೆ. ಜಕ್ಕನಹಳ್ಳಿ ಹತ್ತಿರ ಸುಟ್ಟ ವೈರಿನ ವಾಸನೆ ಬಂತು. ಮರುಕ್ಷಣ ಹೆಡ್‌ಲೈಟೂ ಆರಿತು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವರು ಬೆಳಕು ಬಿಟ್ಟುಕೊಂಡು ನಿಧಾನಕ್ಕೆ ಬಂದಿದ್ದರಿಂದ ಹೇಗೋ ಪಾಂಡವಪುರ ಸೇರಿದೆ.

ಲೆಕ್ಕ ನೋಡಿ. 40 ವ್ಯಾಟಿನ ಎರಡು ದೀಪ ಅಂದರೆ 80 ವ್ಯಾಟ್. 12 ವೋಲ್ಟಿನಲ್ಲಿ ಅದು ಆರೂಮುಕ್ಕಾಲು ಆಂಪಿಯರಿನ ಹತ್ತಿರ ಎಳೆಯುತ್ತದೆ. ಹಾರ್ನಿನ ಸಣ್ಣ ವೈರು ಒಂದೊಂದು ಕ್ಷಣದ ಕೆಲಸಕ್ಕೆ ಇರುವುದು, ಗಂಟೆಗಟ್ಟಲೆ ಇಷ್ಟು ಹೊರುವುದಕ್ಕಲ್ಲ. ಅದಕ್ಕೇ ಬ್ಯಾಟರಿಯಿಂದ ನೇರ ವೈರು, ನಡುವೆ ಫ್ಯೂಸು, ರಿಲೇ, ಆಮೇಲೆ ಸ್ವಿಚ್ಚು. ಇದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ. ಹಾಕಿಸಿದ ಮೇಲೆ ಎಲ್ಲ ದೀಪ ಉರಿಸಿ, ಎಂಜಿನ್ ಸ್ವಲ್ಪ ಏರಿಸಿ, ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಇಡಿ. 13.5 ವೋಲ್ಟಿಗಿಂತ ಮೇಲಿದ್ದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ. 12.5ಕ್ಕೆ ಇಳಿದರೆ ಗಾಡಿ ದುಡಿಯುವುದಕ್ಕಿಂತ ಜಾಸ್ತಿ ಖರ್ಚು ಮಾಡುತ್ತಿದೆ, ಒಂದು ದಿನ ಬೆಳಗ್ಗೆ ಸೆಲ್ಫ್ ಎತ್ತುವುದಿಲ್ಲ. ನಿಮಗೆ 10ರಿಂದ 15 ವ್ಯಾಟಿನ ಎರಡು ದೀಪ ಸಾಕು. ಹೆಡ್‌ಲೈಟಿಗಿಂತ ಕೆಳಗೆ ಕೂರಿಸಿ, ನೆಲ ನೋಡುವ ಹಾಗೆ ತಿರುಗಿಸಿ. ಕಣ್ಣು ಕುಕ್ಕುವ ಎಲ್‌ಇಡಿ ಮೇಲೆ 2024ರ ಜುಲೈನಿಂದ ರಾಜ್ಯದ ಪೊಲೀಸರು ಕೇಸು ಹಾಕುತ್ತಿದ್ದಾರೆ. ಕೇಸಿನ ಮಾತು ಬಿಡಿ. ಎದುರು ಬರುವವನಿಗೆ ಕಣ್ಣು ಕಾಣದಿದ್ದರೆ ಅವನು ನೇರ ನಿಮ್ಮ ಮೇಲೇ ಬರುತ್ತಾನೆ. ಹೆಡ್‌ಲೈಟಿನ ಹ್ಯಾಲೋಜನ್ ಬಲ್ಬ್ ತೆಗೆದು ಎಲ್‌ಇಡಿ ತುರುಕುವುದೂ ಬೇಡ. ಆ ರಿಫ್ಲೆಕ್ಟರ್ ಮಾಡಿರುವುದು ತಂತಿ ಉರಿಯುವ ಜಾಗಕ್ಕೆ ಸರಿಯಾಗಿ. ಬೆಳಕಿನ ಜಾಗ ಬದಲಾದರೆ ಕಿರಣ ಚೆಲ್ಲಾಪಿಲ್ಲಿ.

ಹೊಸ ದೀಪಕ್ಕಿಂತ ಮೊದಲು ಇರುವ ದೀಪವನ್ನು ಸರಿಯಾಗಿ ತಿರುಗಿಸಿ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ, ನೀವು ಮೇಲೆ ಕೂತುಕೊಳ್ಳಿ. ಡಿಮ್ ಬೆಳಕಿನ ಮೇಲಂಚು ಹೆಡ್‌ಲೈಟಿನ ನಡುವಿನ ಎತ್ತರಕ್ಕಿಂತ ಎರಡು ಮೂರು ಇಂಚು ಕೆಳಗಿರಬೇಕು. ಹಿಂದೆ ಒಬ್ಬರು ಕೂತರೆ ಅಂಚು ಮೇಲೇಳುತ್ತದೆ. ಅದಕ್ಕೇ ಪ್ರವಾಸಕ್ಕೆ ಮುಂಚೆ ಮತ್ತೊಮ್ಮೆ ನೋಡಿ.

ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಕಡೆ ರಾತ್ರಿ ಸವಾರಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹಿಂದೆ ಕೆಂಪು ದೀಪ ಇಲ್ಲದ ಟ್ರೈಲರ್, ಅದರಿಂದ ಮಾರುದ್ದ ಚಾಚಿಕೊಂಡ ಕಬ್ಬು, ಸುಮ್ಮನೆ ಸಾಗುವ ಎತ್ತಿನಗಾಡಿ. ಗಂಟೆಗೆ 60ರಲ್ಲಿ ಹೋಗುವಾಗ ಗಾಡಿ ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಓಡುತ್ತದೆ. ಕಂಡು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ 20 ಮೀಟರ್ ಹೋಯಿತು. ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಇದ್ದರೂ ನಿಲ್ಲಲು ಇನ್ನೊಂದು 20-25 ಮೀಟರ್ ಬೇಕು. ಡಿಮ್ ಬೆಳಕು ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿಯುತ್ತದೆ. ತೇದ ಟೈರಿಟ್ಟುಕೊಂಡು ಫಾಗ್ ಲೈಟು ಹಾಕಿಸಿದರೆ ಟ್ರೈಲರ್ ಚೆನ್ನಾಗಿ ಕಾಣುತ್ತದೆ, ಅಷ್ಟೇ. ನೀವೂ ಹಿಂದಿನವರಿಗೆ ಕಾಣಬೇಕಲ್ಲ, ಇನ್ನೂರು ರೂಪಾಯಿಯ ಕೆಂಪು ರಿಫ್ಲೆಕ್ಟರ್ ಟೇಪು ತಂದು ಮಡ್‌ಗಾರ್ಡಿಗೆ, ಬ್ಯಾಗಿಗೆ ಅಂಟಿಸಿ.

ಹೆಲ್ಮೆಟ್ಟಿನ ಬಗ್ಗೆ ನೀವು ಕೇಳಿಲ್ಲ, ನಾನು ಬಿಡುವುದಿಲ್ಲ. ಐಎಸ್‌ಐ ಗುರುತು ಮತ್ತು ಐಎಸ್ 4151 ಅಂತ ಇರಬೇಕು. 2021ರ ಜೂನ್ 1ರಿಂದ ಆ ಗುರುತಿಲ್ಲದ್ದನ್ನು ಮಾರುವುದೇ ತಪ್ಪು. ಹುಬ್ಬಿನ ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದುಕೊಂಡು ಅಂಗಡಿಗೆ ಹೋಗಿ. ಹಾಕಿದಾಗ ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ಒಮ್ಮೆ ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ಟಿನ ಒಳಗಿನ ಥರ್ಮಕೋಲು ಕುಗ್ಗಿರುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು. ರಾತ್ರಿ ಓಡಾಡುವ ನಿಮಗೆ ಬಿಳಿ ಗಾಜೇ ಬೇಕು, ಕಪ್ಪು ಗಾಜು ಬೇಡ. ನಾಲೆ ಪಕ್ಕದ ಗದ್ದೆ ಬಯಲಲ್ಲಿ ಸಂಜೆ ಹುಳ ಮುಖಕ್ಕೆ ಹೊಡೆಯುತ್ತದಲ್ಲ, ಅದಕ್ಕೆ ಗಾಜು ಒರೆಸುವ ಮೆತ್ತನೆ ಬಟ್ಟೆ ಒಂದು ಜೇಬಿನಲ್ಲಿರಲಿ. ಪ್ರವಾಸಕ್ಕೆ ಅಂತ ಕೈಗವಸು, ಮೊಣಕೈ ಮತ್ತು ಭುಜಕ್ಕೆ ಪ್ಯಾಡಿರುವ, ಬಲೆಯಂಥ ಬಟ್ಟೆಯ ಜಾಲಿ ಜಾಕೆಟ್ ತಗೊಳ್ಳಿ. ನಮ್ಮ ಬಿಸಿಲಿಗೆ ಜಾಲಿಯೇ ಸರಿ. ಮಡಿಕೇರಿ ಚಳಿಗೆ ಒಳಗೊಂದು ಸ್ವೆಟರ್ ಹಾಕಿದರಾಯಿತು.

ಸೈಲೆನ್ಸರ್ ಬೇಡ. ಕಾರ್ಬ್ಯುರೇಟರ್ ಗಾಡಿಗೆ ಹೊಗೆ ಸಲೀಸಾಗಿ ಹೋಗುವ ಸೈಲೆನ್ಸರ್ ಹಾಕಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಬೀಳುತ್ತದೆ, ಪಟಪಟ ಸಿಡಿಯುತ್ತದೆ, ಎಂಜಿನ್ ಕಾಯುತ್ತದೆ. ಮೋಟಾರು ವಾಹನ ಕಾಯ್ದೆಯಲ್ಲಿ ಒಪ್ಪಿಗೆಯಿಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5,000 ರೂ. ತನಕ ದಂಡ ಇದೆ. ರಾಜ್ಯದ ಹಲವು ಊರುಗಳಲ್ಲಿ ಇಂಥ ಸೈಲೆನ್ಸರ್ ಕಿತ್ತು ರೋಡ್ ರೋಲರ್ ಹತ್ತಿಸಿದ್ದಾರೆ.

ಮೊಬೈಲ್ ಹೋಲ್ಡರ್ ಹಾಕಿಸುವುದಾದರೆ ಅದುರು ತಡೆಯುವ ರಬ್ಬರಿರುವುದನ್ನೇ ಹಾಕಿಸಿ. ಬೈಕಿನ ಅದುರಿಗೆ ಫೋನಿನ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಸಿಂಗಲ್ ಸಿಲಿಂಡರ್ ಬುಲೆಟ್ಟಿನ ಅದುರು ಎಷ್ಟು ಅಂತ ಗೊತ್ತಲ್ಲ. ಸ್ಯಾಡಲ್ ಬ್ಯಾಗಿಗೆ ಆಸರೆಯಾಗಿ ಕಬ್ಬಿಣದ ಸ್ಟೇ ಇರಲೇಬೇಕು, ಇಲ್ಲದಿದ್ದರೆ ಚಕ್ರಕ್ಕೆ ಸಿಕ್ಕುತ್ತದೆ, ಬಲಗಡೆಯದು ಸೈಲೆನ್ಸರಿಗೆ ತಾಗಿ ಸುಡುತ್ತದೆ.

ಪೆಟ್ರೋಲಿನ ವಿಷಯವೂ ಒಂದಿದೆ. ಈಗ ಬರುವುದು ಶೇ. 20 ಎಥೆನಾಲ್ (ಕಬ್ಬಿನಿಂದಲೂ ತೆಗೆಯುವ ಮದ್ಯಸಾರ) ಬೆರೆತ ಪೆಟ್ರೋಲ್. ನಮ್ಮ ಮಂಡ್ಯದ ಕಡೆಯವರಿಗೆ ಇದೊಂದು ತಮಾಷೆ, ಟ್ರೈಲರಿನಲ್ಲಿ ದಾರಿಗೆ ಅಡ್ಡ ಬಂದ ಕಬ್ಬು ತಿರುಗಿ ಟ್ಯಾಂಕಿಗೇ ಬರುತ್ತದೆ. ನಿಮ್ಮ ಗಾಡಿ ಆ ಪೆಟ್ರೋಲಿಗೆ ಅಂತ ಮಾಡಿದ್ದಲ್ಲ. ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ರಬ್ಬರ್ ವಾಷರ್‌ಗಳನ್ನು ಒಮ್ಮೆ ಬದಲಿಸಿ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ.

ದುಡ್ಡಿನ ಲೆಕ್ಕ ಅಂದಾಜಿನಲ್ಲಿ ಹೇಳುತ್ತೇನೆ, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಆಗುತ್ತದೆ. ಟೈರು ಟ್ಯೂಬಿಗೆ 7,000. ಚೈನ್ ಸೆಟ್ಟಿಗೆ 3,500. ಬ್ರೇಕಿಗೆ 2,000. ಕೋನ್ ಸೆಟ್, ಫೋರ್ಕ್ ಆಯಿಲ್, ಕೇಬಲ್ಲು, ಕೂಲಿ ಸೇರಿ 3,500. ಹೆಲ್ಮೆಟ್ 4,000. ಜಾಕೆಟ್, ಗ್ಲೌಸಿಗೆ 9,000. ಮಳೆ ಕೋಟು 1,500. ದೀಪ, ವೈರಿಂಗಿಗೆ 2,500. ಬ್ಯಾಗಿಗೆ 3,000. ಇನ್ನೂ 4,000 ಉಳಿಯುತ್ತದೆ, ಅದು ಬಿಡಿ ಟ್ಯೂಬು, ಟೈರ್ ಲಿವರ್, ಸಣ್ಣ ಪಂಪು, ಹೋಲ್ಡರಿಗೆ ಸಾಕು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೇ ರೇಟು ಹೇಳಿದರೆ ಬಿಲ್ ಕೇಳಿ.

ಎಲ್ಲವನ್ನೂ ಒಂದೇ ದಿನ ಮಾಡಿಸಬೇಡಿ. ಏನಾದರೂ ಕೆಟ್ಟರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಸಂಕ್ರಾಂತಿಯೊಳಗೆ ಬ್ರೇಕು, ಚೈನು, ಹೆಡ್‌ಲೈಟಿನ ಅಂಚು, ಹೆಲ್ಮೆಟ್. ಆಗ ರಸ್ತೆ ಮೇಲೆ ರಾಗಿ, ಹುರುಳಿ ಒಕ್ಕಣೆ ಇರುತ್ತದೆ. ಒಣ ಸೊಪ್ಪಿನ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ, ಚೈನಿಗೂ ಚಕ್ರಕ್ಕೂ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ಸಿಕ್ಕಿದ್ದು ಹೊತ್ತಿಕೊಂಡದ್ದೂ ಇದೆ. ದಾಟಿದ ಮೇಲೆ ಇಳಿದು ಬಗ್ಗಿ ನೋಡುವ ಅಭ್ಯಾಸ ಇರಲಿ. ಯುಗಾದಿ ಹೊತ್ತಿಗೆ ಕೋನ್ ಸೆಟ್, ಫೋರ್ಕ್, ಜಾಕೆಟ್. ಟೈರಿನಲ್ಲಿ ಇನ್ನೂ ಗೆರೆ ಇದ್ದರೆ ಮೇ ತಿಂಗಳ ತನಕ ತಡೆಯಿರಿ. ಹೊಸ ಟೈರಿನ ಮೇಲ್ಮೈ ಮೊದಲ 100-150 ಕಿ.ಮೀ. ಜಾರುತ್ತದೆ. ಒಣ ರಸ್ತೆಯಲ್ಲಿ ಅದು ಪಳಗಿದ ಮೇಲೆ ಕೊಡಗಿನ ಮಳೆಗೆ ಹೋಗಿ. ಗೆರೆ ಈಗಲೇ ಸವೆದಿದ್ದರೆ ಕಾಯಬೇಡಿ, ನಾಳೆಯೇ ಬದಲಿಸಿ. ಊಟಿಯನ್ನು ದಸರಾ ಕಳೆದ ಮೇಲೆ ಇಟ್ಟುಕೊಳ್ಳಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಗೇಟು ಹಾಕಿರುತ್ತಾರೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಮೈಸೂರು ಬಿಡಿ.

ಇನ್ನು ಸೀರೆ ಗಾರ್ಡು. ಗುಜರಿಗೆ ಕೊಡಬೇಡಿ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂಬದಿ ಸವಾರರಿಗೆ ಕೈಹಿಡಿ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಹಾಗೆ ಮುಚ್ಚುವ ತಡೆ, ಈ ಮೂರೂ ಇರಬೇಕು. ನೋಡಲು ಚೆನ್ನಾಗಿಲ್ಲ ಅಂತ ಬಿಚ್ಚಿದಿರಿ, ಸರಿ. ಹಬ್ಬದ ದಿನ ಅಮ್ಮನನ್ನು ಮೇಲುಕೋಟೆಗೆ ಕರೆದುಕೊಂಡು ಹೋಗುವಾಗ ಅವರ ಸೆರಗು ಎಲ್ಲಿರುತ್ತದೆ ಅಂತ ಒಮ್ಮೆ ತಿರುಗಿ ನೋಡಿ. ಅಟ್ಟದಿಂದ ಇಳಿಸಿ, ತುಕ್ಕು ಉಜ್ಜಿ, ಎರಡು ಬೋಲ್ಟು ಬಿಗಿಯಿರಿ. ಹತ್ತು ನಿಮಿಷದ ಕೆಲಸ, ನಿಮ್ಮ 40 ಸಾವಿರಕ್ಕೆ ಕೈ ಹಾಕಬೇಕಾಗಿಲ್ಲ.